ಮೈಸೂರು–ಮಂಡ್ಯ ಓಡಾಟಕ್ಕೆ ಮಧ್ಯಮ ಎಸ್‌ಯುವಿ: ಡೀಸೆಲ್ಲೋ ಪೆಟ್ರೋಲೋ, ಜೊತೆಗೆ ಒಕ್ಕಣೆ ರಸ್ತೆ

ಹೊಸಗಾಡಿ_ಮಂಡ್ಯ

ಎಲ್ಲರಿಗೂ ನಮಸ್ಕಾರ. ಕ್ರೆಟಾ, ಸೆಲ್ಟೋಸ್, ಎಲಿವೇಟ್, ಹೈರೈಡರ್, ಈ ನಾಲ್ಕರಲ್ಲಿ ಒಂದು ತಗೋಬೇಕು. ಮಂಡ್ಯದಿಂದ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ದಿನಾ ಹೋಗಿ ಬರೋದು ಸೇರಿ 90 ಕಿ.ಮೀ., ತಿಂಗಳಿಗೆ 25 ದಿನ. ವಾರಕ್ಕೊಮ್ಮೆ ನಾಗಮಂಗಲ ಕಡೆ ಹಳ್ಳಿ ರಸ್ತೆ, ಐದು ಜನ, ಅದರಲ್ಲಿ ಇಬ್ಬರು ವಯಸ್ಸಾದವರು. ಡೀಸೆಲ್ ತಗೊಂಡ್ರೆ ಲಾಭ ಇದೆಯಾ? ಆಟೋಮ್ಯಾಟಿಕ್ ಸಾಕೋದು ಕಷ್ಟವಾ? ಹಳ್ಳಿ ರಸ್ತೆಗೆ ಏನೇನು ಗಮನಿಸಬೇಕು? ಶೋರೂಮಲ್ಲಿ ಹೇಳೋದು ಬೇಡ, ಗಾಡಿ ಕೆಳಗೆ ಮಲಗಿ ನೋಡಿದವರು ಹೇಳಿ.

ಕೆಎ11_ಡೀಸೆಲ್

ಮೊದಲು ಒಂದು ವಿಷಯ. ಎಲಿವೇಟ್, ಹೈರೈಡರ್ ಎರಡರಲ್ಲೂ ಡೀಸೆಲ್ ಇಲ್ಲ. ಡೀಸೆಲ್ ಬೇಕಂದ್ರೆ ನಿಮ್ಮ ಪಟ್ಟಿಯಲ್ಲಿ ಉಳಿಯೋದು ಕ್ರೆಟಾ, ಸೆಲ್ಟೋಸ್ ಮಾತ್ರ. ಎರಡರ ಎಂಜಿನ್ನೂ ಒಂದೇ: 1.5 ಲೀಟರ್, 116 ಪಿಎಸ್, 250 ಎನ್ಎಂ.

ಲೆಕ್ಕ ಹಾಕೋಣ. ಪೆಟ್ರೋಲ್ 103, ಡೀಸೆಲ್ 91 ರೂಪಾಯಿ ಅಂತ ಹಿಡೀರಿ. ಈ ಗಾತ್ರದ ಪೆಟ್ರೋಲ್ ಗಾಡಿ ಮಿಶ್ರ ಓಡಾಟದಲ್ಲಿ ಲೀಟರಿಗೆ 13, ಡೀಸೆಲ್ 18 ಕೊಡುತ್ತೆ ಅಂದ್ರೆ ಕಿಲೋಮೀಟರಿಗೆ 7.92 ಮತ್ತು 5.06 ರೂಪಾಯಿ. ವ್ಯತ್ಯಾಸ 2.86. ಶೋರೂಮ್ ಬೆಲೆಯಲ್ಲಿ ಡೀಸೆಲ್ಲಿಗೆ ಒಂದೂವರೆ ಲಕ್ಷ ಜಾಸ್ತಿ ಇದ್ರೆ ರಸ್ತೆಗೆ ಬರೋ ಹೊತ್ತಿಗೆ ಅದು ಸುಮಾರು 1.8 ಲಕ್ಷ ಆಗುತ್ತೆ. ಯಾಕಂದ್ರೆ ನಮ್ಮ ರಾಜ್ಯದಲ್ಲಿ 10ರಿಂದ 20 ಲಕ್ಷದ ಗಾಡಿಗೆ ಆಜೀವ ತೆರಿಗೆ 17%, ಅದರ ಮೇಲೆ ಸೆಸ್. ಬೆಲೆ 20 ಲಕ್ಷ ದಾಟಿದ್ರೆ 18%. ಟಾಪ್ ಮಾಡೆಲ್ ನೋಡೋರು ಆ ಗೆರೆ ಎಲ್ಲಿದೆ ಅಂತ ನೋಡ್ಕೊಂಡು ಬುಕ್ ಮಾಡಿ.

1.8 ಲಕ್ಷವನ್ನ 2.86ರಿಂದ ಭಾಗಿಸಿದ್ರೆ ಸುಮಾರು 63,000 ಕಿ.ಮೀ. ನಿಮ್ಮದು ವರ್ಷಕ್ಕೆ 27,000. ಎರಡೂಕಾಲು ವರ್ಷದ ಮೇಲೆ ಸ್ವಲ್ಪದಲ್ಲೇ ಹಾಕಿದ ದುಡ್ಡು ವಾಪಸ್. ಅದೇ ಮೈಸೂರೊಳಗೆ ತಿಂಗಳಿಗೆ 700 ಕಿ.ಮೀ. ಓಡಿಸೋರಿಗೆ ಏಳೂವರೆ ವರ್ಷ ಬೇಕು. ಅಂಥವರು ಡೀಸೆಲ್ ಕಡೆ ತಿರುಗಿ ನೋಡಬಾರದು. ನಿಮಗೆ ಡೀಸೆಲ್ಲೇ ಸರಿ.

ರಿಂಗ್‌ರೋಡ್42

ಲೆಕ್ಕ ಸರಿ, ಆದರೆ ಡಿಪಿಎಫ್ ವಿಚಾರ ಬಿಟ್ಟು ಡೀಸೆಲ್ ತಗೊಳ್ಳಿ ಅನ್ನೋದು ಅರ್ಧ ಮಾತು. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಪ್ರತಿ ಡೀಸೆಲ್ ಕಾರಿನ ಹೊಗೆ ದಾರಿಯಲ್ಲೂ ಮಸಿ ಹಿಡಿಯೋ ಜರಡಿ ಒಂದಿದೆ, ಅದೇ ಡಿಪಿಎಫ್. ಅದು ತುಂಬ್ತಾ ಬಂದಾಗ ಎಂಜಿನ್ ತಾನೇ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಹೊಗೆಯ ಬಿಸಿಯನ್ನ ಸುಮಾರು 600 ಡಿಗ್ರಿಗೆ ಏರಿಸಿ ಮಸಿ ಸುಡುತ್ತೆ. ರೀಜೆನ್ ಅನ್ನೋದು ಇದನ್ನೇ.

ರೀಜೆನ್ ನಡೀತಿದೆ ಅನ್ನೋದಕ್ಕೆ ಬಹಳ ಗಾಡಿಗಳಲ್ಲಿ ಬೋರ್ಡಿನಲ್ಲಿ ದೀಪ ಬರಲ್ಲ. ಕಿವಿ ಮೂಗು ಕೊಟ್ಟು ಕಂಡುಕೊಳ್ಳಬೇಕು. ನಿಂತಾಗ 750–800 ಇರೋ ಆರ್‌ಪಿಎಂ 900–1000ದಲ್ಲಿ ನಿಲ್ಲುತ್ತೆ. ಸಿಗ್ನಲ್ಲಲ್ಲಿ ಎಂಜಿನ್ ತಾನೇ ಆಫ್ ಆಗೋ ಆಟೋ ಸ್ಟಾಪ್ ಕೆಲಸ ಮಾಡಲ್ಲ. ಕ್ಷಣದ ಮೈಲೇಜ್ ತೋರಿಸೋ ಗೆರೆ ಬಿದ್ದುಹೋಗುತ್ತೆ. ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗ್ತಾ ಇರುತ್ತೆ, ಕಾದ ಕಬ್ಬಿಣದ ಥರ ವಾಸನೆ. ಆ ಹೊತ್ತಲ್ಲಿ ಮನೆ ಬಂತು ಅಂತ ಕೀ ತಿರುಗಿಸಬೇಡಿ. ಇನ್ನೊಂದು 10–15 ನಿಮಿಷ ಓಡಿಸಿ ಮುಗಿಸಿ.

ಅರ್ಧಕ್ಕೆ ನಿಲ್ಲಿಸ್ತಾ ಹೋದ್ರೆ ಮಸಿ ಸುಡಲಿ ಅಂತ ಚಿಮ್ಮಿಸಿದ ಡೀಸೆಲ್ ಸಿಲಿಂಡರ್ ಗೋಡೆ ಹಿಡಿದು ಇಳಿದು ಎಂಜಿನ್ ಆಯಿಲ್ ಸೇರುತ್ತೆ. ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಮಟ್ಟ ಏರ್ತಾ ಹೋಗೋದು ಇದರಿಂದಲೇ. ಆಯಿಲ್ ಕಮ್ಮಿ ಆಗಿಲ್ವಲ್ಲ ಅಂತ ಸಮಾಧಾನ ಪಡೋರು ಇದ್ದಾರೆ. ಮೇಲಿನ ಗುರುತು ದಾಟಿದ್ದರೆ ಓಡಿಸದೆ ಆಯಿಲ್ ಬದಲಿಸಿ, ತೆಳುವಾದ ಆಯಿಲ್ ಬೇರಿಂಗನ್ನೂ ಟರ್ಬೋವನ್ನೂ ತಿನ್ನುತ್ತೆ. ಹಾಕೋ ಆಯಿಲ್ ಬೂದಿ ಕಮ್ಮಿ ಬಿಡೋ ಜಾತಿಯದೇ ಆಗಬೇಕು, ಡಬ್ಬದ ಮೇಲೆ ಎಸಿಇಎ ಸಿ2 ಅಥವಾ ಸಿ3, ನಿಮ್ಮ ಕೈಪಿಡಿ ಯಾವುದು ಹೇಳುತ್ತೋ ಅದು. ಮಸಿ ಸುಟ್ಟುಹೋಗುತ್ತೆ, ಬೂದಿ ಸುಡಲ್ಲ, ಜರಡಿಯಲ್ಲೇ ಉಳಿಯುತ್ತೆ.

ಡಿಪಿಎಫ್ ದೀಪ ಹತ್ತಿದ್ರೆ 60ರ ಮೇಲಿನ ವೇಗದಲ್ಲಿ, 1500–2000 ಆರ್‌ಪಿಎಂ ಇಟ್ಟು, ಎಡೆಬಿಡದೆ 25 ನಿಮಿಷ ಓಡಿಸಬೇಕು. ಮೈಸೂರಿನವರು ಇದಕ್ಕೆ 42 ಕಿ.ಮೀ. ವರ್ತುಲ ರಸ್ತೆಗೆ ಹೋಗ್ತಾರೆ. ಅಲ್ಲಿ ಬನ್ನೂರು ರಸ್ತೆ, ಟಿ. ನರಸೀಪುರ ರಸ್ತೆ, ನಂಜನಗೂಡು ರಸ್ತೆ ಅಂತ ಕೂಡುರಸ್ತೆಗಳು ಬರ್ತಾನೇ ಇರ್ತವೆ, ನಿಂತು ನಿಂತು ಬಿಸಿ ಇಳಿಯುತ್ತೆ. ನಂಜನಗೂಡಿಗೆ ಹೋಗಿ ಬರೋದು ಒಳ್ಳೇದು. ದೀಪ ಮಿನುಗೋಕೆ ಶುರುವಾದ್ರೆ ಓಡಿಸಿ ಸುಡೋ ಕಾಲ ಮುಗೀತು, ವರ್ಕ್‌ಶಾಪಲ್ಲಿ ಕಂಪ್ಯೂಟರ್ ಹಾಕಿಸಿ ಸುಡಿಸಬೇಕು.

ಪ್ರಶ್ನೆ ಕೇಳಿದವರಿಗೆ ದಿನಾ 45 ಕಿ.ಮೀ. ನೇರ ಹೆದ್ದಾರಿ ಇದೆ, ಡಿಪಿಎಫ್ಫಿಗೆ ಅದಕ್ಕಿಂತ ಒಳ್ಳೆ ಔಷಧಿ ಇಲ್ಲ. ಆದರೆ ಟೋಲ್ ಉಳಿಸೋಕೆ ಗಣಂಗೂರು ತಪ್ಪಿಸಿ ಸರ್ವಿಸ್ ರಸ್ತೆಯಲ್ಲೇ ಹಂಪ್ ಹತ್ತಿ ಇಳಿದು ಹೋಗೋದಾದ್ರೆ ಆ ಲಾಭ ಅರ್ಧ ಹೋಯ್ತು.

ಸರಸ್ವತಿಪುರಂ_ಹೈಬ್ರಿಡ್

ಊರೊಳಗಿನವರಿಗೆ ಒಂದು ಮಾತು. ಸಿಗ್ನಲ್ಲಿಂದ ಸಿಗ್ನಲ್ಲಿಗೆ ಓಡೋರಿಗೆ ಹೈರೈಡರ್, ಗ್ರ್ಯಾಂಡ್ ವಿಟಾರಾದ ಸ್ಟ್ರಾಂಗ್ ಹೈಬ್ರಿಡ್, ಅಂದ್ರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಇರೋದು, ಸರಿಯಾದ ಉತ್ತರ. ಬ್ರೇಕ್ ಹಿಡಿದಾಗ ಹೋಗೋ ಶಕ್ತಿಯನ್ನೇ ಬ್ಯಾಟರಿಗೆ ತುಂಬುತ್ತೆ, ಹಾಗಾಗಿ ಊರೊಳಗೇ ಮೈಲೇಜ್ ಜಾಸ್ತಿ. ಬ್ಯಾಟರಿ ಡಿಕ್ಕಿಯ ಜಾಗ ತಿನ್ನುತ್ತೆ, ಐದು ಜನರ ಪ್ರವಾಸದ ಸೂಟ್‌ಕೇಸ್ ಇಟ್ಟು ನೋಡಿಯೇ ಬುಕ್ ಮಾಡಿ.

ಪೆಟ್ರೋಲ್ ಅಂದ್ರೆ ಈಗ ಬಂಕಲ್ಲಿ ಸಿಗೋದು ಇ20. ನಮ್ಮ ಕಡೆಯ ಕಬ್ಬೇ ಎಥೆನಾಲ್ ಆಗಿ ಟ್ಯಾಂಕಿಗೆ ಬರ್ತಿದೆ, ರೈತರಿಗೆ ಒಳ್ಳೇದೇ. ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಹಾಗಾಗಿ 20% ಬೆರೆಸಿದ್ರೆ ಶುದ್ಧ ಪೆಟ್ರೋಲಿಗಿಂತ ಶಕ್ತಿ 6–7% ಕಮ್ಮಿ. ಗಾಡಿ ಕೆಟ್ಟಿದೆ ಅಂತ ವರ್ಕ್‌ಶಾಪಿಗೆ ಓಡೋ ಮೊದಲು ಇದನ್ನ ಲೆಕ್ಕಕ್ಕೆ ಹಿಡೀರಿ. ಹಳೇ ಗಾಡಿ ತಗೊಳ್ಳೋರು ತಯಾರಾದ ತಿಂಗಳು ನೋಡಿ, 2023ರ ಏಪ್ರಿಲ್‌ನಿಂದ ಈಚೆಯದಾದ್ರೆ ಪೈಪು, ಸೀಲು ಇ20ಗೆ ಒಗ್ಗೋ ಥರದ್ದು. ಎಥೆನಾಲ್ ಗಾಳಿಯ ತೇವ ಎಳೆಯುತ್ತೆ. ತಿಂಗಳುಗಟ್ಟಲೆ ನಿಲ್ಲಿಸೋದಾದ್ರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಒಳಗೆ ಗಾಳಿಗೆ ಜಾಗ ಕಮ್ಮಿ ಇರಲಿ.

ಟಾರ್ಕ್‌ರೆಂಚ್

ಆಟೋಮ್ಯಾಟಿಕ್ ಬಗ್ಗೆ ಕೇಳಿದ್ದಕ್ಕೆ. ಈ ಡೀಸೆಲ್ಲಿಗೆ ಬರೋದು ಟಾರ್ಕ್ ಕನ್ವರ್ಟರ್. ಒಳಗೆ ಎಣ್ಣೆಯೇ ಶಕ್ತಿ ದಾಟಿಸೋದು, ಹತ್ತುವಲ್ಲಿ ತೆವಳಿದ್ರೂ ತಡ್ಕೊಳ್ಳುತ್ತೆ. ಟರ್ಬೋ ಪೆಟ್ರೋಲಿನ ಏಳು ಗೇರ್ ಡಿಸಿಟಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್) ಬೇರೆ ಜಾತಿ, ಅಲ್ಲಿರೋದು ಒಣ ಕ್ಲಚ್ಚು.

ದಸರಾ ಸಮಯದಲ್ಲಿ ಚಾಮುಂಡಿ ಬೆಟ್ಟದ ರಸ್ತೆ ನೆನೆಸ್ಕೊಳ್ಳಿ. ಸಾಲು ಅಡಿ ಅಡಿಯಾಗಿ ಮೇಲಕ್ಕೆ ಸರೀತಿದೆ. ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೆಲ್ಲಗೆ ಒತ್ತಿ ಗಾಡಿಯನ್ನ ಏರಲ್ಲಿ ಹಿಡಿದಿಟ್ಟರೆ ಕ್ಲಚ್ ಅರ್ಧ ಹಿಡಿದು ಅರ್ಧ ಜಾರ್ತಾ ಕಾಯುತ್ತೆ. ಸ್ವಲ್ಪ ಹೊತ್ತಲ್ಲೇ ಬೋರ್ಡಲ್ಲಿ ಬಿಸಿಯ ಎಚ್ಚರಿಕೆ ಬರುತ್ತೆ, ಗಾಡಿ ನಡುಗುತ್ತೆ. ಡಿಸಿಟಿಯವರು ಏರಲ್ಲಿ ಕಾಲನ್ನ ಬ್ರೇಕ್ ಮೇಲೇ ಇಡಬೇಕು ಅಥವಾ ಆಟೋ ಹೋಲ್ಡ್ ಹಾಕಬೇಕು. ಮುಂದೆ ಎರಡು ಕಾರಿನಷ್ಟು ಜಾಗ ಆದ ಮೇಲೆ ಒಂದೇ ಸಲ ಚಲಿಸಿ ಮತ್ತೆ ನಿಲ್ಲಬೇಕು. ಎಚ್ಚರಿಕೆ ಬಂದ್ರೆ ಪಕ್ಕಕ್ಕೆ ಹಾಕಿ, ಪಿ ಗೇರಲ್ಲಿ ಎಂಜಿನ್ ಚಾಲೂ ಇಟ್ಟು ತಣಿಸಿ. ಆಷಾಢ ಶುಕ್ರವಾರ ಲಲಿತಮಹಲ್ ಹೆಲಿಪ್ಯಾಡಿಂದ ಬಸ್ ಬಿಡ್ತಾರೆ, ಕಾರಿಗೂ ನಿಮಗೂ ಅದೇ ಸುಖ.

ಇಳಿಯೋವಾಗ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರ ಅನ್ನೋದು ನೆನಪಿರಲಿ. ಡಿಯಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಬಂದ್ರೆ ಕೆಳಗೆ ಬರೋ ಹೊತ್ತಿಗೆ ಪ್ಯಾಡ್ ಸುಟ್ಟ ವಾಸನೆ. ಮ್ಯಾನುಯಲ್ ಮೋಡಿಗೆ ತಂದು ಎರಡನೇ ಗೇರಲ್ಲಿ ಇಳೀರಿ. ಬ್ರೇಕ್ ಆಯಿಲ್ಲೂ ತೇವ ಎಳೆಯೋ ಪದಾರ್ಥವೇ, ಹಳೇದಾದಷ್ಟೂ ಬೇಗ ಕುದಿಯುತ್ತೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಟೈರಿನ ವಿಷಯ. 17 ಇಂಚಿನ ಚಕ್ರಕ್ಕೆ 215/60, 16ಕ್ಕೆ 205/65. ವಯಸ್ಸಾದವರು ಕೂರೋ ಗಾಡಿಗೆ 16 ಇಂಚೇ ಒಳ್ಳೇದು, ಗುಂಡಿಗೆ ಬಿದ್ದಾಗ ಟೈರಿನ ಗೋಡೆ ಎತ್ತರ ಇದ್ದಷ್ಟೂ ಬೆನ್ನಿಗೂ ರಿಮ್ಮಿಗೂ ಕ್ಷೇಮ. ಗಾಳಿಯನ್ನ ಬೆಳಿಗ್ಗೆ ಗಾಡಿ ತಣ್ಣಗಿರೋವಾಗ ನೋಡಿ. ಹೆದ್ದಾರಿಯಲ್ಲಿ ಓಡಿಸ್ಕೊಂಡು ಬಂದು ಬಂಕಲ್ಲಿ ಹಿಡಿಸಿದ್ರೆ 3–4 ಪಿಎಸ್ಐ ಜಾಸ್ತಿ ತೋರಿಸುತ್ತೆ, ಅದನ್ನ ಇಳಿಸಿಬಿಟ್ರೆ ಮಾರನೇ ಬೆಳಿಗ್ಗೆ ಗಾಳಿ ಕಮ್ಮಿ. ಕಮ್ಮಿ ಗಾಳಿಯ ಟೈರು ಪ್ರತಿ ಸುತ್ತಿಗೂ ಮಡಚಿ ಕಾಯುತ್ತೆ. ಹೆದ್ದಾರಿಯಲ್ಲಿ ಟೈರ್ ಸಿಡಿಯೋದಕ್ಕೆ ದೊಡ್ಡ ಕಾರಣ ಇದೇ, ಬಿಸಿಲೊಂದೇ ಅಲ್ಲ. ಐದು ಜನ ಮತ್ತು ಲಗೇಜ್ ಇದ್ದಾಗ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಕಂಬದ ಸ್ಟಿಕರಲ್ಲಿ ಬೇರೆ ಸಾಲೇ ಇರುತ್ತೆ, ಅದರಂತೆ ಹಿಂದಿನ ಟೈರಿಗೆ ಏರಿಸಿ. ಗೋಡೆಯಲ್ಲಿ ಮೊಟ್ಟೆಯಂಥ ಉಬ್ಬು ಕಂಡ್ರೆ ಒಳಗಿನ ದಾರ ಹರಿದಿದೆ ಅಂತ, ಅದಕ್ಕೆ ರಿಪೇರಿ ಇಲ್ಲ.

ಪಂಕ್ಚರ್ ಅಂಗಡಿಯಲ್ಲಿ ಗಾಳಿ ಗನ್ನಿಂದ ನಟ್ ಬಿಗಿಸಿ ಕಳಿಸ್ತಾರೆ. ಹ್ಯುಂಡೈ, ಕಿಯಾ ಗಾಡಿಗಳಿಗೆ ಬೇಕಿರೋದು 107ರಿಂದ 127 ಎನ್ಎಂ. ಕೈಯಿಂದ ಕೂರಿಸಿ, ಎದುರುಬದುರಾಗಿ ನಕ್ಷತ್ರದ ಥರ ಬಿಗಿಸಿ ಅಂತ ನಿಂತು ಹೇಳಿ. ಮೊದಲ 100 ಕಿ.ಮೀ. ಆದ ಮೇಲೆ ಇನ್ನೊಮ್ಮೆ ನೋಡಿ.

ಗದ್ದೆಬಯಲು

ನಾಗಮಂಗಲದ ಕಡೆ ಹಳ್ಳಿ ರಸ್ತೆ ಅಂದ್ರಿ. ಈವರೆಗೂ ಯಾರೂ ಎತ್ತದ ವಿಷಯ ಒಂದಿದೆ, ಎಲ್ಲಕ್ಕಿಂತ ಮುಖ್ಯವಾದದ್ದು: ಒಕ್ಕಣೆ.

ಡಿಸೆಂಬರಿಂದ ಫೆಬ್ರವರಿವರೆಗೆ ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಹುಣಸೂರು, ಯಾವ ಕಡೆ ಹೋದ್ರೂ ಟಾರು ರಸ್ತೆ ಮೇಲೆ ರಾಗಿ, ಹುರುಳಿ, ಅವರೆ ಹರಡಿರ್ತಾರೆ. ಕಣ ಮಾಡೋ ಕಾಲ ಹೋಯ್ತು, ಗಾಡಿಗಳೇ ತುಳಿದು ಕಾಳು ಬಿಡಿಸಲಿ ಅಂತ. ರಾಗಿ ಹುಲ್ಲು ಸ್ವಲ್ಪ ಪರವಾಗಿಲ್ಲ. ಹುರುಳಿ ಸೊಪ್ಪು ಬಲು ಕೆಟ್ಟದ್ದು. ಅದು ಬಳ್ಳಿ, ಒಂದಕ್ಕೊಂದು ಹೆಣೆದುಕೊಂಡಿರುತ್ತೆ. ಮುಂದಿನ ಚಕ್ರಕ್ಕೆ ಶಕ್ತಿ ಕೊಡೋ ಆಕ್ಸಲ್ ತಿರುಗ್ತಾ ಅದನ್ನ ರಾಟೆಗೆ ನೂಲು ಸುತ್ತಿದ ಹಾಗೆ ಸುತ್ತಿಕೊಳ್ಳುತ್ತೆ. ಟಾರ್ಚ್ ಬಿಟ್ಟು ಕೆಳಗೆ ನೋಡಿದ್ರೆ ಆಕ್ಸಲ್ ಕಾಣಲ್ಲ, ತೋಳಿನ ದಪ್ಪ ಹೊಸೆದ ಹಗ್ಗ ಕಾಣುತ್ತೆ. ಅದರ ತುದಿ ಸೈಲೆನ್ಸರ್ ಪೈಪಿನ ಕಡೆ ನೀಟಿಕೊಂಡಿರುತ್ತೆ, ಕೆಲವು ಸಲ ಆ ತುದಿ ಕಂದು ಬಣ್ಣಕ್ಕೆ ತಿರುಗಿ ಸೀದಿರುತ್ತೆ.

ಒಣ ಹುಲ್ಲು ಹೊತ್ತಿಕೊಳ್ಳೋಕೆ 300 ಡಿಗ್ರಿಯೂ ಬೇಡ. ಮೇಲೆ ರಿಂಗ್‌ರೋಡ್42 ಹೇಳಿದ ರೀಜೆನ್ ಹೊತ್ತಲ್ಲಿ ಡಿಪಿಎಫ್ ಒಳಗೆ 600. ಪೆಟ್ರೋಲ್ ಗಾಡಿಯ ಕ್ಯಾಟಲಿಟಿಕ್ ಕನ್ವರ್ಟರೂ ಕಮ್ಮಿಯಲ್ಲ. ಎಸ್‌ಯುವಿ ಎತ್ತರ ಇದೆ, 190 ಮಿ.ಮೀ. ಇದೆ ಅನ್ನೋ ಧೈರ್ಯ ಇಲ್ಲಿ ನಡೆಯಲ್ಲ. ಹರಡಿದ ಸೊಪ್ಪು ಮಂಡಿ ಎತ್ತರ ಇದ್ದರೆ ಯಾವ ಎತ್ತರವೂ ಸಾಲಲ್ಲ. ಎತ್ತರದ ಗಾಡಿಯವರು ನುಗ್ಗಿಸ್ತಾರೆ, ಅದಕ್ಕೇ ಅಪಾಯ ಜಾಸ್ತಿ.

ಮಾಡಬೇಕಾದ್ದು ಹೀಗೆ. ಬೇರೆ ದಾರಿ ಇದ್ರೆ ತಿರುಗಿಸಿ. ಇಲ್ಲದಿದ್ದರೆ ಇಳಿದು ಕೇಳಿ, ಒಂದು ಚಕ್ರದ ಜಾಗ ಸರಿಸಿಕೊಡ್ತಾರೆ, ಇಲ್ಲ ಅನ್ನೋರು ಕಮ್ಮಿ. ದಾಟಲೇಬೇಕಾದ್ರೆ ಒಂದೇ ವೇಗದಲ್ಲಿ ನಿಧಾನವಾಗಿ, ಚಕ್ರ ಜಾರಿಸದೆ ದಾಟಿ. ಸೊಪ್ಪಿನ ಮೇಲೆ ಮಾತ್ರ ಯಾವ ಕಾರಣಕ್ಕೂ ನಿಲ್ಲಬೇಡಿ, ನಿಂತಾಗ ಗಾಳಿ ಇಲ್ಲದೆ ಬಿಸಿಯೆಲ್ಲ ಕೆಳಗೇ ಕೂರುತ್ತೆ. ದಾಟಿದ ಮೇಲೆ 200–300 ಮೀಟರ್ ಮುಂದೆ ಬರೀ ಟಾರು ಅಥವಾ ಮಣ್ಣಿರೋ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಕೆಳಗೆ ನೋಡಿ. ಸುತ್ತಿದ್ದರೆ ಕೋಲಿಂದ ಎಳೀರಿ, ಕೈ ಹಾಕಬೇಡಿ, ಪಕ್ಕದಲ್ಲೇ ಕಾದ ಪೈಪಿದೆ. ಹಗ್ಗ ಬಿಗಿಯಾಗಿದ್ರೆ ಕುಡುಗೋಲಿಂದ ಕೊಯ್ಯಬೇಕು, ಆದರೆ ಅಲ್ಲೇ ಎಬಿಎಸ್ ಸೆನ್ಸರಿನ ವೈರೂ ಆಕ್ಸಲ್ ಕೊನೆಯ ರಬ್ಬರ್ ಬೂಟೂ ಇರೋದು. ಬೂಟ್ ಹರಿದ್ರೆ ಗ್ರೀಸ್ ಚೆಲ್ಲಿ ಕೆಲವೇ ವಾರದಲ್ಲಿ ತಿರುವಲ್ಲಿ ಕಟಕಟ ಶಬ್ದ ಶುರು. ಚಕ್ರದ ಒಳಮೈಯಲ್ಲಿ ಗ್ರೀಸಿನ ಚಿಮ್ಮು ಕಂಡ ದಿನವೇ ಬೂಟ್ ಬದಲಿಸಿದ್ರೆ ಖರ್ಚು ಅಲ್ಲಿಗೇ ನಿಲ್ಲುತ್ತೆ.

ಹೊಸಗಾಡಿ_ಮಂಡ್ಯ

ಇದು ಗೊತ್ತೇ ಇರಲಿಲ್ಲ, ತುಂಬ ಉಪಕಾರ. ಕೆಳಗಿನ ಪ್ಲಾಸ್ಟಿಕ್ ಶೀಲ್ಡ್ ಬಿಚ್ಚಿಸಿಬಿಟ್ರೆ ಸೊಪ್ಪು ಸಿಕ್ಕಿಕೊಳ್ಳಲ್ವಾ?

ಟಾರ್ಕ್‌ರೆಂಚ್

ಬೇಡ. ಶೀಲ್ಡ್ ತೆಗೆದ್ರೆ ಸೊಪ್ಪು ನೇರ ಎಂಜಿನ್ ಬೆಲ್ಟಿಗೂ ಕಾದ ಪೈಪಿಗೂ ಹೋಗುತ್ತೆ. ಮಳೆಗಾಲದಲ್ಲಿ ಕೆಸರೂ ನುಗ್ಗುತ್ತೆ. ಮಾಡಬೇಕಾದ್ದು ಇಷ್ಟೇ: ಸುಗ್ಗಿ ಮುಗಿದ ಮೇಲಿನ ಸರ್ವಿಸಲ್ಲಿ ಶೀಲ್ಡ್ ಬಿಚ್ಚಿಸಿ, ಅದರ ಮೇಲ್ಭಾಗದಲ್ಲಿ ಕೂತ ಹೊಟ್ಟು, ಎಲೆ ಎಲ್ಲ ಕೊಡವಿಸಿ, ಅಷ್ಟೂ ಕ್ಲಿಪ್ ಹಾಕಿಸಿ ವಾಪಸ್ ಕೂರಿಸಿ. ಒಂದು ಕ್ಲಿಪ್ ಬಿಟ್ಟರೂ ಶೀಲ್ಡ್ ಜೋತುಬಿದ್ದು ಅದೇ ಸೊಪ್ಪು ಬಾಚೋ ಸಲಿಕೆ ಆಗುತ್ತೆ.

ಕೆಎ11_ಡೀಸೆಲ್

ಸುಗ್ಗಿಯ ಮಾತಿಗೆ ಇನ್ನೆರಡು. ಕಬ್ಬು ಕಡಿದಾಗ ಗದ್ದೆಯ ಇಲಿ ಊರೊಳಗೆ ಬರುತ್ತೆ, ಬೆಚ್ಚಗಿನ ಎಂಜಿನ್ ಅದಕ್ಕೆ ಅರಮನೆ. ಸ್ಪ್ರೇ ಹೊಡೆಯೋದರ ವಾಸನೆ ವಾರ ಉಳಿಯಲ್ಲ. ರಾತ್ರಿ ಎಂಜಿನ್ ಆಫ್ ಮಾಡೋ ಮೊದಲು ಎಸಿಯನ್ನ ಒಳಗಾಳಿ ಮೋಡಿಗೆ ಹಾಕಿ, ಹೊರಗಾಳಿಯ ಬಾಗಿಲು ಮುಚ್ಚುತ್ತೆ. ವೈಪರ್ ಕೆಳಗಿನ ಗಾಳಿ ಕಂಡಿಗೆ 6 ಮಿ.ಮೀ. ಕಣ್ಣಿನ ಕಬ್ಬಿಣದ ಜಾಲರಿ ಹಾಕಿಸಿ. ಡ್ಯಾಶ್‌ಬೋರ್ಡ್ ಡಬ್ಬಿಯ ಹಿಂದಿನ ಕ್ಯಾಬಿನ್ ಫಿಲ್ಟರನ್ನ ತಿಂಗಳಿಗೊಮ್ಮೆ ಎಳೆದು ನೋಡಿ. ಕಡಲೆಕಾಯಿ ಸಿಪ್ಪೆ, ಹತ್ತಿ ಚೂರು ಸಿಕ್ರೆ ಒಳಗೆ ಗೂಡು ಕಟ್ಟಿದೆ ಅಂತ ಅರ್ಥ.

ಇನ್ನೊಂದು ಕಬ್ಬಿನ ಸೂಲಂಗಿಯ, ಅಂದ್ರೆ ಹೂವಿನ ತೆನೆಯ, ನಾರು. ಗ್ರಿಲ್ ಹಿಂದಿನ ಎಸಿ ಕಂಡೆನ್ಸರಿಗೆ ಕಂಬಳಿ ಹೊದಿಸಿದ ಹಾಗೆ ಕೂರುತ್ತೆ, ಮಧ್ಯಾಹ್ನ ನಿಂತಾಗ ಎಸಿ ಬಿಸಿ ಗಾಳಿ ಕೊಡೋಕೆ ಶುರು ಮಾಡುತ್ತೆ. ಗ್ಯಾಸ್ ತುಂಬಿಸೋ ಮೊದಲು ಅದನ್ನ ತೊಳೆಸಿ. ಮನೆಯ ನಲ್ಲಿ ಪೈಪಿನ ಒತ್ತಡ ಸಾಕು. ಪ್ರೆಷರ್ ಗನ್ ಹತ್ತಿರ ಹಿಡಿದ್ರೆ ಕಾಗದದಷ್ಟು ತೆಳುವಾದ ರೆಕ್ಕೆಗಳು ಮಲಗಿಬಿಡ್ತವೆ. ಕೂಲೆಂಟಿಗೆ ಬೋರ್‌ವೆಲ್ ನೀರು ಹಾಕ್ಬೇಡಿ, ಒಳಗೆ ಸುಣ್ಣ ಕಟ್ಟುತ್ತೆ.

ನಾಲೆಏರಿ

ವಿಶ್ವೇಶ್ವರಯ್ಯ ನಾಲೆಯ ಏರಿ ರಸ್ತೆಯಲ್ಲಿ ಓಡಾಡೋರಿಗೆ ನಾಲ್ಕು ಮಾತು. ತಡೆಗೋಡೆ ಇಲ್ಲದ ಕಡೆ ಎದುರು ಗಾಡಿ ಬಂದ್ರೆ ನಾಲೆ ಕಡೆಯವರು ಪೂರ್ತಿ ನಿಲ್ಲೋದೇ ಸರಿ, ಮಳೆ ಬಿದ್ದ ಏರಿಯ ಅಂಚು ಎಸ್‌ಯುವಿ ತೂಕಕ್ಕೆ ಕುಸಿಯುತ್ತೆ. ನೀರಿಗೆ ಬಿದ್ದರೆ ಬಾಗಿಲು ತಳ್ಳೋದರಲ್ಲಿ ಸಮಯ ಕಳೀಬೇಡಿ, ಹೊರಗಿನ ನೀರಿನ ಒತ್ತಡಕ್ಕೆ ಅದು ತೆರೆಯಲ್ಲ. ಮೊದಲು ಸೀಟ್‌ಬೆಲ್ಟ್, ತಕ್ಷಣ ಕಿಟಕಿ, ಮಕ್ಕಳನ್ನ ಮುಂದೆ ಕಳಿಸಿ ಕಿಟಕಿಯಿಂದಲೇ ಹೊರಗೆ. ಮೊದಲ ಒಂದು ನಿಮಿಷದಲ್ಲಿ ಕಿಟಕಿಯ ಮೋಟಾರು ಸಾಮಾನ್ಯವಾಗಿ ಇನ್ನೂ ಕೆಲಸ ಮಾಡ್ತಿರುತ್ತೆ. ಇಳಿಯದಿದ್ರೆ ಪಕ್ಕದ ಗಾಜಿನ ಮೂಲೆಗೆ ಸ್ಪ್ರಿಂಗ್ ಪಂಚ್ ಇಟ್ಟು ಒತ್ತಿ. ಮುಂದಿನ ಗಾಜು ಎರಡು ಪದರದ್ದು, ಒಡೆದ್ರೂ ಬೀಳಲ್ಲ. ಪಂಚನ್ನ ಡಿಕ್ಕಿಯಲ್ಲಿ ಇಟ್ಟರೆ ಪ್ರಯೋಜನ ಇಲ್ಲ, ಡ್ರೈವರ್ ಕೈಗೆ ಸಿಗಬೇಕು.

ರಿಂಗ್‌ರೋಡ್42

ಹೆದ್ದಾರಿಗೂ ಒಂದು ಸೇರಿಸ್ತೀನಿ. ಎನ್ಎಚ್ 275ರ ಮುಖ್ಯ ಪಥದಲ್ಲಿ ಕಾರಿಗೆ ಮಿತಿ 100, ಕ್ಯಾಮೆರಾ ಉದ್ದಕ್ಕೂ ಇದೆ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಅಲ್ಲಿ ಬರುವಂತಿಲ್ಲ. ಹಾಗಾಗಿ ಕಬ್ಬಿನ ಟ್ರ್ಯಾಕ್ಟರೆಲ್ಲ ಸರ್ವಿಸ್ ರಸ್ತೆಗೂ ಒಳರಸ್ತೆಗೂ ಬಂದಿವೆ. ಎಡಾಸ್ (ಮುಂದಿನ ಗಾಡಿ ಗುರುತಿಸಿ ತಾನೇ ಬ್ರೇಕ್ ಹಿಡಿಯೋ ವ್ಯವಸ್ಥೆ) ಇರೋ ಗಾಡಿಯವರು ಇಲ್ಲಿ ಜೋಪಾನ. ಟ್ರೇಲರಿನ ಹಿಂದೆ ಆಚೆ ಚಾಚಿಕೊಂಡ ಕಬ್ಬಿನ ತುದಿಯನ್ನ ಬಂಪರ್ ಮಟ್ಟದ ರೇಡಾರ್ ಗುರುತಿಸದೇ ಹೋಗಬಹುದು, ನಿಂತ ಗಾಡಿಯನ್ನೂ ತಡವಾಗಿ ಕಾಣಬಹುದು, ಕೈಪಿಡಿಯಲ್ಲೇ ಹೀಗೆ ಬರೆದಿರ್ತಾರೆ. ಕತ್ತಲಾದ ಮೇಲೆ ಒಳರಸ್ತೆಯಲ್ಲಿ ಕ್ರೂಸ್ ಹಾಕಬೇಡಿ. ನಿಮ್ಮ ಹೆಡ್‌ಲೈಟ್ ಬೆಳಕು ಬೀಳೋ ದೂರದೊಳಗೆ ನಿಲ್ಲೋ ವೇಗ ಇಟ್ಟುಕೊಳ್ಳಿ.

ಹೊಸಗಾಡಿ_ಮಂಡ್ಯ

ಡೀಸೆಲ್, ಟಾರ್ಕ್ ಕನ್ವರ್ಟರ್, 16 ಇಂಚಿನ ಚಕ್ರ ಅಂತ ತೀರ್ಮಾನ. ಕೊನೇ ಪ್ರಶ್ನೆ. ಒಕ್ಕಣೆ ಓದಿದ ಮೇಲೆ ಬೆಂಕಿ ಆರಿಸೋ ಸಿಲಿಂಡರ್ ಇಡಬೇಕು ಅನಿಸಿದೆ. ಎಷ್ಟು ಕೆಜಿ, ಎಲ್ಲಿ?

ಗದ್ದೆಬಯಲು

ಎಬಿಸಿ ಪುಡಿಯದು, ಐಎಸ್ಐ ಗುರುತಿನದು, 2 ಕೆಜಿ ಇದ್ರೆ ಒಳ್ಳೇದು, ಜಾಗ ಇಲ್ಲದಿದ್ರೆ 1 ಕೆಜಿ. ಮುಂದಿನ ಪ್ರಯಾಣಿಕರ ಸೀಟಿನ ಕೆಳಗೆ ಪಟ್ಟಿ ಹಾಕಿ ಬಿಗಿಸಿ, ಬ್ರೇಕ್ ಹಾಕಿದಾಗ ಉರುಳಿ ಡ್ರೈವರ್ ಕಾಲ ಕೆಳಗೆ ಬರಬಾರದು. ಮುಳ್ಳು ಹಸಿರಲ್ಲಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಪುಡಿ ಕೆಳಗೆ ಗಟ್ಟಿಯಾಗುತ್ತೆ, ತಲೆಕೆಳಗು ಮಾಡಿ ಒಮ್ಮೆ ಅಲ್ಲಾಡಿಸಿ.

ಹೊಗೆ ಕಂಡ್ರೆ ಸೊಪ್ಪಿನಿಂದ ದೂರ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಎಲ್ಲರನ್ನೂ ಇಳಿಸಿ. ಅಜ್ಜ ಅಜ್ಜಿ ಇದ್ರೆ ಅವರು ಮೊದಲು. ಬಾನೆಟ್ ಪೂರ್ತಿ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಭಗ್ ಅನ್ನುತ್ತೆ. ಒಳಗಿನ ಲಿವರ್ ಎಳೆದು ಎರಡು ಬೆರಳಿನಷ್ಟು ಸಂದು ಬಿಟ್ಟು ಅಲ್ಲಿಂದ ಹೊಡೀರಿ. ಕೆಳಗೆ ಹೊತ್ತಿದ್ದರೆ ಚಕ್ರದ ಪಕ್ಕದಿಂದ, ಗಾಳಿಗೆ ಬೆನ್ನು ಹಾಕಿ ನಿಂತು, ಉರಿಯ ಬುಡಕ್ಕೆ. 1 ಕೆಜಿ ಸಿಲಿಂಡರ್ ಹತ್ತು ಸೆಕೆಂಡಿನ ಆಸುಪಾಸಲ್ಲಿ ಖಾಲಿ. ಅಷ್ಟರಲ್ಲಿ ಆರದಿದ್ರೆ ಗಾಡಿ ಬಿಟ್ಟು ದೂರ ಹೋಗಿ 112ಕ್ಕೆ ಕರೆ ಮಾಡಿ.